ಬೆಲೆ ಹೇಳಿದರೆ ಬೆಲೆ ಹೋಗುತ್ತದೆಯೆ?

ಹೆಂಗಸರ ಕೈಕೆಲಸಕ್ಕೆ ನಮ್ಮ ಸಮಾಜ ಒಂದು ಚಂದದ ಹೆಸರು ಇಟ್ಟಿದೆ. ಅದು 'ಹವ್ಯಾಸ'. ಗಂಡಸು ಅಂಗಡಿಯ ಬೋರ್ಡು ಬರೆದರೆ ಅದು ಉದ್ಯೋಗ. ಗೋಡೆಯ ಮೇಲೆ ಗಣಪತಿ ಬರೆದರೆ ಆತ ಆರ್ಟಿಸ್ಟು. ಅದೇ ಗಣಪತಿಯನ್ನು ಪಕ್ಕದ ಬೀದಿಯ ಗೃಹಿಣಿ ಬರೆದಳೆನ್ನಿ, "ಪಾಪ, ಹೊತ್ತು ಹೋಗಬೇಕಲ್ಲ, ಏನೋ ಮಾಡಿಕೊಂಡಿರ್ತಾಳೆ" ಎಂಬ ಮಾತು ಬರುತ್ತದೆ. ಹೊತ್ತು ಹೋಗದೆ ಒದ್ದಾಡುವ ಹೆಂಗಸನ್ನು ನಾನಂತೂ ಇದುವರೆಗೆ ಕಂಡಿಲ್ಲ. ಬೆಳಗಿನ ತಿಂಡಿಯಿಂದ ರಾತ್ರಿ ಹಾಲಿಗೆ ಹೆಪ್ಪು ಹಾಕುವವರೆಗೆ ಇರುವ ಹೊತ್ತೇ ಸಾಲದೆ, ನಿದ್ದೆಯಿಂದ ಒಂದೆರಡು ತಾಸು ಕದ್ದು ಬರೆಯುವವರು ನಾವು. ಆ ಕದ್ದ ತಾಸಿಗೂ ಜನ ಬಿಟ್ಟಿ ಹೊತ್ತು ಎಂದು ಹೆಸರಿಟ್ಟರೆ ಸುಮ್ಮನಿರುವುದು ಹೇಗೆ?

ನಾನು ಸಾಗರದಲ್ಲಿ ಕೂತು ಜಲವರ್ಣದ ಚಿತ್ರ ಬರೆಯುವವಳು. ಬರೆಯುವುದಷ್ಟೇ ಅಲ್ಲ, ಮಾರುವವಳು. 'ಮಾರುವವಳು' ಎಂದು ಹೇಳಿದಾಗ ಎದುರಿಗಿದ್ದವರ ಮುಖದಲ್ಲಿ ಆಗುವ ಬದಲಾವಣೆಯನ್ನು ಹನ್ನೆರಡು ವರ್ಷದಿಂದ ನೋಡುತ್ತ ಬಂದಿದ್ದೇನೆ. ಆದ್ದರಿಂದ ಸುತ್ತಿ ಬಳಸದೆ ಹೇಳಿಬಿಡುತ್ತೇನೆ. ಹೆಣ್ಣುಮಕ್ಕಳ ಚಿತ್ರ ಮನೆಯ ಹೊಸಿಲು ದಾಟುವಾಗ ಅದರ ಜೊತೆಯಲ್ಲಿ ಬರೆದವಳ ಹೆಸರು ಹೋಗಬೇಕು, ಅದರ ಬೆಲೆ ಹೋಗಬೇಕು. ಯಾರೂ ಕೇಳುವ ಮೊದಲೇ ಹೋಗಬೇಕು. ಈ ಎರಡರ ವಿಷಯದಲ್ಲಿ ನಾಚಿಕೊಳ್ಳುವುದು ಸಂಸ್ಕಾರವಲ್ಲ. ಅದು ನಮ್ಮ ದುಡಿಮೆಯನ್ನು ಪುಕ್ಕಟೆ ಮಾಡುವ ಉಪಾಯ, ಅಷ್ಟೆ.

ಉಪಾಯ ಎಂಬುದು ದೊಡ್ಡ ಮಾತಾಯಿತೆಂದು ನಿಮಗೆ ಅನ್ನಿಸಬಹುದು. ಹಾಗಾದರೆ ಈ ಮಾತುಗಳನ್ನು ಕೇಳಿ ನೋಡಿ. "ಎಷ್ಟು ಚಂದ ಬರೀತೀಯೆ! ನಮ್ಮ ಮಗಳ ಗೃಹಪ್ರವೇಶಕ್ಕೆ ಒಂದು ಬರೆದುಕೊಡು ಮಾರಾಯ್ತಿ. ಬಣ್ಣದ ದುಡ್ಡು ಬೇಕಾದ್ರೆ ತಗೋ." ಇದನ್ನು ಹೇಳಿದ ನನ್ನ ಸೋದರತ್ತೆ ಕೆಟ್ಟವರಲ್ಲ. ಅದೇ ಗೃಹಪ್ರವೇಶಕ್ಕೆ ಅಡುಗೆ ಭಟ್ಟರ ಹತ್ತಿರ ಅವರು "ತೆಂಗಿನಕಾಯಿ ದುಡ್ಡು ತಗೊಂಡು ಅಡುಗೆ ಮಾಡಿಕೊಡಿ" ಎನ್ನಲಿಲ್ಲ. ರವಿಕೆ ಹೊಲಿಯುವವರ ಹತ್ತಿರ "ದಾರದ ದುಡ್ಡು ಕೊಡ್ತೀನಿ" ಎನ್ನುವ ಧೈರ್ಯ ನಮ್ಮಲ್ಲಿ ಯಾರಿಗಿದೆ? ಚಿತ್ರ ಬರೆಯುವವಳ ಹತ್ತಿರ ಮಾತ್ರ ಬಣ್ಣಕ್ಕೆ ದುಡ್ಡು, ಕೈಗೆ ಬರೀ ಹೊಗಳಿಕೆ.

ಒಂದು ಲೆಕ್ಕ ಕೊಡುತ್ತೇನೆ. ನನ್ನದೇ ಲೆಕ್ಕ, ಹಾಲಿನವರ ಲೆಕ್ಕ ಬರೆಯುವ ಪುಸ್ತಕದ ಹಿಂದಿನ ಪುಟದಲ್ಲಿದೆ. ಒಂದೂಕಾಲು ಅಡಿ ಎತ್ತರದ ಒಂದು ಚಿತ್ರ. ಹತ್ತಿಯ ಕಾಗದ 150 ರೂಪಾಯಿ, ಬಣ್ಣದ ಪಾಲು 100, ಗಾಜು ಮತ್ತು ಕಟ್ಟು 650, ಕಳಿಸಲು ರಟ್ಟು, ಸುತ್ತು, ದಾರ ಸೇರಿ 100. ಒಟ್ಟು 1000 ರೂಪಾಯಿ. ಕೂತು ಬರೆದದ್ದು 18 ಗಂಟೆ. ಗಂಟೆಗೆ 100 ರೂಪಾಯಿಯಂತೆ ಹಿಡಿದರೂ 1800. ಅಲ್ಲಿಗೆ ಬೆಲೆ 2800. ಇದರಲ್ಲಿ ಕಲಿತ ವರ್ಷಗಳ ಲೆಕ್ಕವಿಲ್ಲ, ಹಾಳಾಗಿ ಹರಿದು ಹಾಕಿದ ಕಾಗದದ ಲೆಕ್ಕವೂ ಇಲ್ಲ. ಇದನ್ನು ನೋಡಿ ಪೇಟೆಯ ಒಬ್ಬ ಗಿರಾಕಿ, "ಮನೇಲೇ ಮಾಡೋದಲ್ವಾ, 800ಕ್ಕೆ ಕೊಡಿ" ಎಂದರು. ಅಂದರೆ ನಾನು 18 ಗಂಟೆ ದುಡಿಯಬೇಕು, ಮೇಲೆ 200 ರೂಪಾಯಿ ನನ್ನ ಕೈಯಿಂದಲೇ ಅವರಿಗೆ ಕೊಡಬೇಕು! ಲೆಕ್ಕ ಬರೆದಿಡದ ಹೆಂಗಸಿಗೆ ಇದು ಗೊತ್ತೇ ಆಗುವುದಿಲ್ಲ. 800 ರೂಪಾಯಿ ಬಂತೆಂದು ಸಂತೋಷಪಟ್ಟುಕೊಂಡು ಗಿರಾಕಿಗೆ ಕಾಫಿಯನ್ನೂ ಕೊಟ್ಟು ಕಳಿಸುತ್ತಾಳೆ.

"ಕಲೆ ಸರಸ್ವತಿಯ ವರ, ಅದನ್ನು ಮಾರಬಾರದು" ಎನ್ನುವ ಹಿರಿಯರೂ ಇದ್ದಾರೆ. ಅವರ ದೇವರ ಕೋಣೆಯಲ್ಲಿರುವ ಸರಸ್ವತಿಯ ಪಟ ಎಲ್ಲಿಂದ ಬಂತು ಎಂದು ಕೇಳಬೇಕು. ರಾಜಾ ರವಿವರ್ಮರು 1894ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯ ಆರಂಭಿಸಿ, ತಮ್ಮ ಲಕ್ಷ್ಮಿ ಸರಸ್ವತಿಯರ ಬಣ್ಣದ ಪ್ರತಿಗಳನ್ನು ಅಚ್ಚು ಹಾಕಿಸಿ ಮಾರಾಟಕ್ಕೆ ಬಿಟ್ಟರು. ಅರಮನೆಯ ಗೋಡೆಯ ಮೇಲಿದ್ದ ದೇವಿ ಬಡವರ ಮನೆಯ ಮೊಳೆಗೂ ಬಂದು ಕೂತದ್ದು ಆ ಮಾರಾಟದಿಂದಲೇ. ನಮ್ಮ ಅಜ್ಜಿಯರು ಯಾರೂ ಆ ಪಟದ ಮುಂದೆ ನಿಂತು "ಇದು ದುಡ್ಡಿಗೆ ಮಾರಿದ್ದು, ಇದರಲ್ಲಿ ದೇವರಿಲ್ಲ" ಎನ್ನಲಿಲ್ಲ. ಊದುಬತ್ತಿ ಹಚ್ಚಿ ಕೈಮುಗಿದರು. ಗಂಡಸು ಮಾರಿದರೆ ಅದು ಕಲಾಪ್ರಸಾರ, ಹೆಂಗಸು ಮಾರಿದರೆ ದುಡ್ಡಿನಾಸೆಯೆ? ಇನ್ನೊಂದು ಮಾತು. ರವಿವರ್ಮರ ತಂಗಿ ಮಂಗಳಾಬಾಯಿಯವರೂ ಚಿತ್ರ ಬರೆಯುತ್ತಿದ್ದರು. ಅಣ್ಣನ ಭಾವಚಿತ್ರವನ್ನೂ ಬರೆದಿದ್ದಾರೆ. ಅಣ್ಣನ ಹೆಸರು ಕೇಳದವರಿಲ್ಲ. ತಂಗಿಯ ಹೆಸರು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಹೆಸರಿನ ಮಾತು ಬಂತಲ್ಲ, ನಮ್ಮ ಸೀಮೆಯದೇ ಉದಾಹರಣೆ ನೋಡಿ. ದೀವರ ಹೆಣ್ಣುಮಕ್ಕಳು ಮದುವೆಗೆ ಹಸೆಗೋಡೆಯ ಮೇಲೆ ಬರೆಯುವ ಚಿತ್ತಾರ, ಭೂಮಿ ಹುಣ್ಣಿಮೆಗೆ ಭೂಮಣ್ಣಿ ಬುಟ್ಟಿಯ ಮೇಲೆ ಬರೆಯುವ ಚಿತ್ತಾರ ಮಲೆನಾಡಿನವರಿಗೆಲ್ಲ ಪರಿಚಯ. ಕೆಮ್ಮಣ್ಣಿನ ನೆಲೆ, ಅಕ್ಕಿ ಅರೆದ ಬಿಳಿ, ಅಕ್ಕಿ ಹುರಿದು ಕರಿಯಾಗಿಸಿದ ಕಪ್ಪು, ಗುರಿಗೆ ಬೀಜದ ಹಳದಿ, ಪುಂಡಿ ನಾರಿನ ಕುಂಚ. ಗೆರೆ ಒಂದಿಷ್ಟು ಓರೆಯಾಗದಂತೆ ಎಳೆಯುವ ಆ ಕೈ ಎಂಥದ್ದು! ತಲೆತಲಾಂತರದಿಂದ ಬರೆದ ಆ ಕೈಗಳಲ್ಲಿ ಎಷ್ಟರ ಹೆಸರು ಉಳಿದಿದೆ? ಅದನ್ನು 'ಸಂಪ್ರದಾಯ' ಎಂದು ಕರೆದು ನಾವು ಸುಮ್ಮನಾದೆವು. ಸಂಪ್ರದಾಯ ತಾನಾಗಿಯೇ ಗೋಡೆಯ ಮೇಲೆ ಮೂಡುತ್ತದೆಯೆ? ಯಾರೋ ಒಬ್ಬಾಕೆ ಬೆನ್ನು ಬಗ್ಗಿಸಿ ಬರೆಯಬೇಕು.

ಗೋಡೆಯಿಂದ ಕಾಗದಕ್ಕೆ ಇಳಿದರೆ ಏನಾಗುತ್ತದೆ ಎಂಬುದನ್ನು ಬಿಹಾರದ ಮಿಥಿಲೆಯ ಹೆಂಗಸರು ತೋರಿಸಿಕೊಟ್ಟಿದ್ದಾರೆ. ಅವರದ್ದೂ ಮದುವೆಮನೆಯ ಗೋಡೆಯ ಚಿತ್ರವೇ. ಅವರೂ ನಮ್ಮ ಚಿತ್ತಾರದವರಂತೆ ಹೆಸರಿಲ್ಲದವರೇ ಆಗಿದ್ದರು. 1966-67ರಲ್ಲಿ ಅಲ್ಲಿ ಭೀಕರ ಬರ ಬಂದಾಗ ಅಖಿಲ ಭಾರತ ಕರಕುಶಲ ಮಂಡಳಿಯವರು ಭಾಸ್ಕರ ಕುಲಕರ್ಣಿ ಎಂಬ ಕಲಾವಿದರ ಕೈಯಲ್ಲಿ ಕಾಗದ ಕೊಟ್ಟು ಮಧುಬನಿಗೆ ಕಳಿಸಿದರು. ಗೋಡೆಯ ಮೇಲೆ ಬರೆಯುವುದನ್ನು ಕಾಗದದ ಮೇಲೆ ಬರೆಯಿರಿ, ಕೊಳ್ಳುತ್ತೇವೆ ಎಂದರು. 1952ರಲ್ಲಿ ಆರಂಭವಾದ ಆ ಮಂಡಳಿಗೆ ಅಧ್ಯಕ್ಷೆಯಾಗಿ ಅದನ್ನು ಕಟ್ಟಿದವರು ನಮ್ಮ ಮಂಗಳೂರಿನಲ್ಲೇ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ಎಂಬುದನ್ನು ನಾವು ಹೆಮ್ಮೆಯಿಂದ ನೆನೆಯಬೇಕು. ಚಿತ್ರಗಳು ದಿಲ್ಲಿಗೆ ಹೋದವು, ಬಿಕರಿಯಾದವು. ಆಮೇಲೆ ಏನಾಯಿತು? 1975ರಲ್ಲಿ ಜಗದಂಬಾ ದೇವಿಗೆ, 1981ರಲ್ಲಿ ಸೀತಾದೇವಿಗೆ, 1984ರಲ್ಲಿ ಗಂಗಾದೇವಿಗೆ ಪದ್ಮಶ್ರೀ ಬಂತು. ಬೇರೆಯವರ ಮನೆಗೆಲಸ ಮಾಡುತ್ತಲೇ ಚಿತ್ರ ಕಲಿತ ದುಲಾರಿ ದೇವಿಗೆ 2021ರಲ್ಲಿ ಬಂತು. ಕಾಗದಕ್ಕೆ ಬೆಲೆ ಬಂದ ಮೇಲೆಯೇ ಅಲ್ಲವೆ, ಇದು ಸೀತಾದೇವಿಯ ಕೈ, ಇದು ಗಂಗಾದೇವಿಯ ಗೆರೆ ಎಂದು ಲೋಕ ಗುರುತಿಸಿದ್ದು? ಬೆಲೆಯ ಬೆನ್ನಿಗೆ ಹೆಸರು ಬಂತು. ಮಾರಾಟ ಬಂದಲ್ಲಿ ದಲ್ಲಾಳಿಗಳೂ ಬರುತ್ತಾರೆ, ಅಗ್ಗದ ನಕಲುಗಳೂ ಬರುತ್ತವೆ. ಇಲ್ಲವೆನ್ನುವುದಿಲ್ಲ. ಆದರೆ ದಲ್ಲಾಳಿಗೆ ಜಾಗ ಸಿಗುವುದು ಬರೆದವಳು ತನ್ನ ಹೆಸರು, ತನ್ನ ಬೆಲೆ ತಾನೇ ಹೇಳದೆ ಇದ್ದಾಗ.

ಇಲ್ಲಿ ಪೇಟೆಯ ಗೆಳತಿಯರಿಗೆ ಸ್ವಲ್ಪ ಖಾರವಾದ ಮಾತು ಹೇಳಬೇಕಾಗಿದೆ. "ನನಗೇನು ದುಡ್ಡಿನ ಅಗತ್ಯವಿಲ್ಲಪ್ಪ, ಮನೆಯವರಿಗೆ ಒಳ್ಳೆ ಸಂಬಳ ಇದೆ, ಸಂತೋಷಕ್ಕೆ ಕೊಡ್ತೀನಿ" ಎಂದು ನೀವು 200 ರೂಪಾಯಿಗೆ ಚಿತ್ತಾರದ ತಟ್ಟೆ ಕೊಡುತ್ತೀರಿ. ಮೂರು ದಿನದ ತರಬೇತಿಯಲ್ಲಿ ಕಲಿತ ಚಿತ್ತಾರ. ಅದೇ ಕೆಲಸವನ್ನು ಅಜ್ಜಿಯಿಂದ ಅಮ್ಮನಿಂದ ಕಲಿತು, ಅದರಿಂದಲೇ ಮಕ್ಕಳ ಸ್ಕೂಲು ಫೀಸು ಕಟ್ಟಬೇಕಾದ ಹಳ್ಳಿಯ ಹೆಂಗಸು 600 ಹೇಳಿದರೆ, ಗಿರಾಕಿ ನಿಮ್ಮ ತಟ್ಟೆ ತೋರಿಸಿ "ಅಲ್ಲಿ 200ಕ್ಕೆ ಸಿಗುತ್ತಲ್ಲ" ಎನ್ನುತ್ತಾನೆ. ನಿಮ್ಮ ಔದಾರ್ಯದ ಖರ್ಚನ್ನು ಆಕೆ ಭರಿಸಬೇಕು. ಇದು ದೊಡ್ಡ ಮನಸ್ಸಲ್ಲ ತಾಯಂದಿರೆ, ಇನ್ನೊಬ್ಬಳ ಅನ್ನದ ತಟ್ಟೆಗೆ ಕೈ ಹಾಕಿದ ಹಾಗೆ. ನಿಮಗೆ ದುಡ್ಡು ಬೇಡವಾದರೆ ಸರಿಯಾದ ಬೆಲೆಗೇ ಮಾರಿ, ಬಂದ ಹಣವನ್ನು ಬೇಕಾದವರಿಗೆ ದಾನ ಮಾಡಿ. ಬೆಲೆಯನ್ನು ಮಾತ್ರ ಇಳಿಸಬೇಡಿ. ಯಾರಿಂದ ಕಲಿತಿರೋ ಅವರ ಹೆಸರನ್ನೂ ಹೇಳಿ.

ಹೆಸರು ಇಲ್ಲದಿದ್ದರೆ ಏನು ನಷ್ಟ ಎಂದು ಕೇಳುವವರಿಗೆ ಒಂದು ಸಂಗತಿ. ಒಂದು ಸಂಸ್ಥೆಯವರು ತಮ್ಮ ಸಭಾಂಗಣಕ್ಕೆಂದು ನನ್ನ ಒಂದು ಚಿತ್ರ ಕೊಂಡರು. ಮುಂದಿನ ಯುಗಾದಿಗೆ ಅದು ಅವರ ಕ್ಯಾಲೆಂಡರಿನಲ್ಲಿ ಕಾಣಿಸಿತು. ಚಿತ್ರದ ಮೂಲೆಯಲ್ಲಿದ್ದ ನನ್ನ ರುಜು ಕತ್ತರಿಸಿಹೋಗಿತ್ತು. ಕೆಳಗಡೆ ಪ್ರೆಸ್ಸಿನ ಹೆಸರಿತ್ತು, ಪ್ರೆಸ್ಸಿನ ಫೋನ್ ನಂಬರೂ ಇತ್ತು. ಕೇಳಲು ಹೋದರೆ, "ಸಾವಿರ ಮನೆಗೆ ನಿಮ್ಮ ಚಿತ್ರ ಹೋಯಿತಲ್ಲ ಮೇಡಂ, ಇದಕ್ಕಿಂತ ಪ್ರಚಾರ ಬೇಕೆ?" ಎಂದರು. "ಹೆಸರೇ ಇಲ್ಲವಲ್ಲ, ಪ್ರಚಾರ ಯಾರಿಗಾಯಿತು?" ಎಂದೆ. ಉತ್ತರವಿರಲಿಲ್ಲ.

ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಬರೆದಿಟ್ಟ ಚಿತ್ರವನ್ನು ಮಾರಿದಾಗ ನಾವು ಕೊಡುವುದು ಆ ಒಂದು ಕಾಗದವನ್ನು. ಅದನ್ನು ಅಚ್ಚು ಹಾಕಿಸುವ ಹಕ್ಕು ಲಿಖಿತವಾಗಿ ಬಿಟ್ಟುಕೊಡುವ ತನಕ ಬರೆದವರದ್ದೇ. ಬರೆದವರು ತೀರಿಕೊಂಡ ಮೇಲೂ 60 ವರ್ಷ ಅದು ವಾರಸುದಾರರಿಗೆ ಉಳಿಯುತ್ತದೆ. ಹಕ್ಕು ಮಾರಿದರೂ 'ಈ ಕೃತಿ ನನ್ನದು' ಎಂದು ಹೇಳಿಕೊಳ್ಳುವ ಹಕ್ಕು ಹೋಗುವುದಿಲ್ಲ. ಆದರೆ ಒಂದು ಎಚ್ಚರಿಕೆ. ಹಣ ಕೊಟ್ಟು ಹೇಳಿ ಬರೆಯಿಸಿದ ಚಿತ್ರಕ್ಕೆ, ಬೇರೆ ಕರಾರು ಇಲ್ಲದಿದ್ದರೆ, ಬರೆಯಿಸಿದವರೇ ಹಕ್ಕುದಾರರಾಗುತ್ತಾರೆ. ಆದ್ದರಿಂದ ಆರ್ಡರ್ ತೆಗೆದುಕೊಳ್ಳುವಾಗ 'ಮುದ್ರಣದ ಹಕ್ಕು ನನ್ನಲ್ಲೇ ಇರುತ್ತದೆ' ಎಂಬ ಎರಡು ಸಾಲು ಬರೆದು ಇಬ್ಬರೂ ಸಹಿ ಹಾಕಬೇಕು. ಇದನ್ನೆಲ್ಲ ಒಂದು ಕಾಗದದಲ್ಲಿ ಬರೆದು ರಿಜಿಸ್ಟರ್ಡ್ ಅಂಚೆಯಲ್ಲಿ ಆ ಸಂಸ್ಥೆಗೆ ಕಳಿಸಿದೆ. ಎರಡು ತಿಂಗಳು ಓಡಾಡಿದ ಮೇಲೆ ಒಂದು ಮೊತ್ತ ಬಂತು. ದೊಡ್ಡದೇನಲ್ಲ. ಆದರೆ ಚೆಕ್ಕಿನ ಮೇಲೆ ನನ್ನ ಹೆಸರಿತ್ತು.

ಇನ್ನು ಅಚ್ಚುಕಟ್ಟಿನ ಮಾತು. ಗಿರಾಕಿಯನ್ನು ದೂರುವ ನಾವು ನಮ್ಮ ಚಿತ್ರವನ್ನು ಹೇಗೆ ತೋರಿಸುತ್ತೇವೆ ಎಂಬುದನ್ನೂ ನೋಡಬೇಕು. ಹಾಸಿಗೆಯ ಮೇಲೆ ಚಿತ್ರವಿಟ್ಟು, ಪಕ್ಕದಲ್ಲಿ ದಿಂಬು, ಮಗುವಿನ ಸಾಕ್ಸು ಕಾಣುವ ಹಾಗೆ ಟ್ಯೂಬ್‌ಲೈಟಿನಲ್ಲಿ ಫೋನಿನಿಂದ ಫೋಟೋ ಹೊಡೆದು, 'ಹೇಗಿದೆ?' ಎಂದು ಕಳಿಸಿದರೆ ನೂರು ಜನ 'ಸೂಪರ್' ಎನ್ನುತ್ತಾರೆ, ಒಬ್ಬರೂ ಕೊಳ್ಳುವುದಿಲ್ಲ. ಕೊಳ್ಳಬಹುದು ಎಂದು ನಾವು ಹೇಳಿದ್ದಾದರೂ ಎಲ್ಲಿ? ಬೆಳಗಿನ ಬಿಸಿಲು ನೇರ ಬೀಳದ ಕಿಟಕಿಯ ಬಳಿ, ಖಾಲಿ ಗೋಡೆಗೆ ಒರಗಿಸಿ ಫೋಟೋ ತೆಗೆಯಿರಿ. ಬಣ್ಣ ಇದ್ದ ಹಾಗೇ ಕಾಣಲಿ, ಹೆಚ್ಚು ಹೊಳಪು ಕೊಟ್ಟು ಮೋಸ ಮಾಡಬೇಡಿ. ಅಳತೆ ಎಷ್ಟು, ಕಾಗದವೋ ಬಟ್ಟೆಯೋ, ಯಾವ ಬಣ್ಣ, ಕಟ್ಟು ಸೇರಿದೆಯೋ ಇಲ್ಲವೋ, ಕಳಿಸುವ ಖರ್ಚು ಯಾರದ್ದು, ಕೊನೆಗೆ ಬೆಲೆ ಎಷ್ಟು ಎಂಬುದನ್ನು ಅಂಕಿಯಲ್ಲಿ ಬರೆಯಿರಿ. 'ಬೆಲೆಗೆ ಸಂಪರ್ಕಿಸಿ' ಎಂದು ಬರೆಯುವುದು ಬೇಡ. ಮುಖ ನೋಡಿ ಬೆಲೆ ಹೇಳುವವರೆಂಬ ಅನುಮಾನ ಬರುತ್ತದೆ. ಹಣ ಬರುವುದು ನಿಮ್ಮ ಖಾತೆಗೆ ಇರಲಿ. ಯಜಮಾನರ ಖಾತೆಗೆ ಬಂದ ಹಣ ಅಡುಗೆಮನೆಯ ಸಾಮಾನಾಗಿಯೇ ನಿಮಗೆ ಸಿಗುತ್ತದೆ. ಊರಿಗೊಂದು 'ಕ್ರಿಯೇಷನ್ಸ್' ಇರುವಾಗ ಇನ್ನೊಂದು ಬೇಡ. ನಿಮ್ಮಪ್ಪ ಅಮ್ಮ ಇಟ್ಟ ಹೆಸರೇ ಸಾಕು.

ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತು ನಡೆಸುತ್ತ ಬಂದಿರುವ ಚಿತ್ರಸಂತೆಯಲ್ಲಿ ಕಲಾವಿದರೇ ನೇರವಾಗಿ ಕೊಳ್ಳುವವರ ಎದುರು ಕೂರುತ್ತಾರೆ. ಕುಮಾರಕೃಪಾ ರಸ್ತೆಯ ಆ ಜನಜಾತ್ರೆಯಲ್ಲಿ ಒಮ್ಮೆ ಸುತ್ತಾಡಿ, ಬೇಕಾದರೆ ಪರೀಕ್ಷೆ ಮಾಡಿ. ಬೆಲೆ ಎಷ್ಟಮ್ಮಾ ಎಂದು ಕೇಳಿದರೆ ಥಟ್ಟನೆ ಹೇಳುವ ಹುಡುಗಿಯರು ಈಗ ಬೇಕಾದಷ್ಟಿದ್ದಾರೆ, ಕಂಡರೆ ಖುಷಿಯಾಗುತ್ತದೆ. ಅವರ ನಡುವೆಯೇ, ಪ್ರಶ್ನೆ ಬಿದ್ದ ಕೂಡಲೇ ಹಿಂದೆ ಕುರ್ಚಿಯಲ್ಲಿ ಕೂತ ಗಂಡನ ಮುಖ ನೋಡುವವರೂ ಸಿಗುತ್ತಾರೆ. ಗಿರಾಕಿ ಆಮೇಲೆ ಗಂಡನ ಜೊತೆಗೇ ಚೌಕಾಸಿಗೆ ಇಳಿಯುತ್ತಾನೆ. ಬರೆದವಳು ಚೀಲದಿಂದ ಟಿಫಿನ್ ಡಬ್ಬಿ ತೆಗೆಯುತ್ತಿರುತ್ತಾಳೆ.

"ಇಷ್ಟೆಲ್ಲ ಕಟ್ಟುನಿಟ್ಟು ಮಾಡಿದರೆ ಕೊಳ್ಳುವವರೇ ಬರುವುದಿಲ್ಲ" ಎನ್ನುತ್ತೀರಿ. ನಿಜ, ಕೆಲವರು ಬರುವುದಿಲ್ಲ. ನನಗೂ ಒಂದು ಚಿತ್ರವೂ ಹೋಗದ ತಿಂಗಳುಗಳಿವೆ. ಆದರೆ ಬೆಲೆ ನೋಡಿ ತಿರುಗಿ ಹೋದವರು ಕೊಳ್ಳಲು ಬಂದವರಲ್ಲ, ಬೇಡಲು ಬಂದವರು. ಅವರು ಹೋದ ಜಾಗದಲ್ಲಿ ಕೊಳ್ಳುವವರು ನಿಲ್ಲಲು ಸ್ಥಳವಾಗುತ್ತದೆ. ಪ್ರೀತಿಯಿಂದ ಉಡುಗೊರೆ ಕೊಡಬಾರದೆಂದು ನಾನು ಹೇಳುತ್ತಿಲ್ಲ. ತಮ್ಮನ ಮದುವೆಗೆ, ಗೆಳತಿಯ ಸೀಮಂತಕ್ಕೆ ಧಾರಾಳವಾಗಿ ಕೊಡಿ. ಆಗಲೂ ಹಿಂಬದಿಯಲ್ಲಿ ಅದರ ಬೆಲೆ ಬರೆದೇ ಕೊಡಿ. ಎಷ್ಟು ಕೊಟ್ಟಿದ್ದೀರೆಂದು ತಿಳಿಯಲಿ. ಬೆಲೆ ಗೊತ್ತಿಲ್ಲದ ಉಡುಗೊರೆಯನ್ನು ಜನ ಅಟ್ಟಕ್ಕೆ ಹಾಕುತ್ತಾರೆ.

ಹಾಗಾಗಿ ಗೆಳತಿಯರೆ, ಬೀರುವಿನ ಮೇಲೆ ಸೀರೆ ಡಬ್ಬಿಯ ಅಡಿಯಲ್ಲಿ ಸುರುಳಿ ಸುತ್ತಿಟ್ಟ ಚಿತ್ರಗಳನ್ನು ಇವತ್ತು ಇಳಿಸಿ. ಧೂಳು ಕೊಡವಿ. ಒಂದೊಂದರ ಹಿಂದೆಯೂ ಹೆಸರು, ವರ್ಷ, ಅಳತೆ, ಬೆಲೆ ಬರೆಯಿರಿ. ಬೆಲೆ ಬರೆಯುವಾಗ ಕೈ ನಡುಗಿದರೆ ಲೆಕ್ಕದ ಪುಸ್ತಕ ತೆರೆದು ಗಂಟೆಗಳನ್ನು ಇನ್ನೊಮ್ಮೆ ಕೂಡಿ ನೋಡಿ. ಮನೆಯಲ್ಲಿ ಯಾರಾದರೂ "ಇದಕ್ಕೆ ಇಷ್ಟು ಯಾರು ಕೊಡ್ತಾರೆ?" ಎಂದು ನಕ್ಕರೆ ನಗಲಿ ಬಿಡಿ. ಅಳಿಸಬೇಡಿ.