ಅನುಭವ ಹಂಚಿಕೊಂಡ ರೋಗಿ ಕಾಯ್ದೆಯ ಹೊರಗೆ

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಅಧಿಸೂಚನೆಗೊಂಡ ಮೇಲೆ ಆರೋಗ್ಯ ಕ್ಷೇತ್ರದ ಚರ್ಚೆಯೆಲ್ಲ ಸಮ್ಮತಿ ಪತ್ರದಲ್ಲಿಯೇ ಸಿಕ್ಕಿಕೊಂಡಿದೆ. ಆಸ್ಪತ್ರೆಯು ಯಾವ ಮಾತುಗಳಲ್ಲಿ ಒಪ್ಪಿಗೆ ಪಡೆಯಬೇಕು, ಕಡತವನ್ನು ಎಷ್ಟು ಕಾಲ ಇಟ್ಟುಕೊಳ್ಳಬಹುದು, ಮಾಹಿತಿ ಸೋರಿದರೆ ದಂಡ ಎಷ್ಟು ಎಂಬವು ಅಗತ್ಯವಾದ ಪ್ರಶ್ನೆಗಳೇ. ಆದರೆ ತನ್ನ ಕಾಯಿಲೆಯ ಅನುಭವವನ್ನೂ ಔಷಧದ ಪರಿಣಾಮವನ್ನೂ ತಪಾಸಣೆಯ ಅಂಕಿಗಳನ್ನೂ ಇತರ ರೋಗಿಗಳಿಗೆ ಮತ್ತು ಸಂಶೋಧನೆಗೆ ಉಪಯೋಗವಾಗಲೆಂದು ತಾನಾಗಿಯೇ ಮುಂದಿಡುವ ರೋಗಿಗೆ ಈ ಕಾಯ್ದೆಯಲ್ಲಿ ಯಾವ ಸ್ಥಾನವಿದೆ ಎಂಬ ಪ್ರಶ್ನೆ ಬದಿಗೆ ಉಳಿದಿದೆ. ಉತ್ತರ ಕಾಯ್ದೆಯ 3ನೇ ಸೆಕ್ಷನ್‌ನಲ್ಲಿಯೇ ಇದೆ: ವ್ಯಕ್ತಿಯು ಸ್ವತಃ ಸಾರ್ವಜನಿಕಗೊಳಿಸಿದ ಮಾಹಿತಿಗೆ ಕಾಯ್ದೆ ಅನ್ವಯಿಸುವುದಿಲ್ಲ. ಹೆಚ್ಚು ಕೊಟ್ಟವರಿಗೇ ರಕ್ಷಣೆ ಇಲ್ಲವೆನ್ನುವ ಈ ಏರ್ಪಾಡು ತಪ್ಪು, ಮತ್ತು ತಡಮಾಡದೆ ತಿದ್ದಬೇಕಾದ ತಪ್ಪು.

ರೋಗಿಗಳ ಇಂಥ ಕೊಡುಗೆಯ ಬೆಲೆಯನ್ನು ಅರಿಯಲು 149 ಎಂಬ ಒಂದು ಸಂಖ್ಯೆಯನ್ನು ಗಮನಿಸಿದರೆ ಸಾಕು. ಎಎಲ್‌ಎಸ್ ಎಂಬುದು ಸ್ನಾಯುಗಳನ್ನು ನಿಯಂತ್ರಿಸುವ ನರಕೋಶಗಳು ಒಂದೊಂದಾಗಿ ಸಾಯುತ್ತ, ನಡಿಗೆ, ಮಾತು, ನುಂಗುವಿಕೆ ಮತ್ತು ಕೊನೆಗೆ ಉಸಿರಾಟವನ್ನೂ ಕಸಿಯುವ ಕಾಯಿಲೆ. 2008ರಲ್ಲಿ ಇಟಲಿಯ ಸಂಶೋಧಕರು 44 ರೋಗಿಗಳ ಅಧ್ಯಯನವೊಂದನ್ನು ಪ್ರಕಟಿಸಿ, ಮನೋರೋಗಕ್ಕೆ ಬಹುಕಾಲದಿಂದ ಬಳಕೆಯಲ್ಲಿರುವ ಲಿಥಿಯಂ ಈ ಕಾಯಿಲೆಯ ವೇಗವನ್ನು ತಗ್ಗಿಸುತ್ತದೆ ಎಂದರು. ಆ 44 ಮಂದಿಯಲ್ಲಿ ಲಿಥಿಯಂ ಪಡೆದವರು 16 ಮಂದಿ ಮಾತ್ರ. ಕಾಯಲು ಕಾಲವಿಲ್ಲದ ರೋಗಿಗಳು ವಿಧಿವತ್ತಾದ ಪ್ರಯೋಗಗಳ ದಾರಿ ನೋಡದೆ, ತಮ್ಮ ವೈದ್ಯರಿಂದ ಔಷಧ ಬರೆಸಿಕೊಂಡು ಸೇವಿಸತೊಡಗಿದರು. ಎಎಲ್‌ಎಸ್‌ಗೆ ತುತ್ತಾದ ಸ್ಟೀಫನ್ ಹೇವುಡ್ ಅವರ ಸಹೋದರರು 2004ರಲ್ಲಿ ಅಮೆರಿಕದಲ್ಲಿ ಸ್ಥಾಪಿಸಿದ್ದ ‘ಪೇಷೆಂಟ್ಸ್‌ಲೈಕ್‌ಮಿ’ ಎಂಬ ಸಂಸ್ಥೆಯಲ್ಲಿ ಆ ರೋಗಿಗಳು ತಾವು ಸೇವಿಸಿದ ಪ್ರಮಾಣವನ್ನೂ ತಮ್ಮ ದೇಹಸ್ಥಿತಿಯನ್ನೂ ದಾಖಲಿಸುತ್ತ ಹೋದರು. 2011ರಲ್ಲಿ ‘ನೇಚರ್ ಬಯೋಟೆಕ್ನಾಲಜಿ’ ಪತ್ರಿಕೆಯಲ್ಲಿ ಪ್ರಕಟವಾದ ವಿಶ್ಲೇಷಣೆಯು ಲಿಥಿಯಂ ಸೇವಿಸಿದ 149 ರೋಗಿಗಳನ್ನು, ಕಾಯಿಲೆಯ ಗತಿ ಅವರಂತೆಯೇ ಇದ್ದು ಆ ಔಷಧ ಸೇವಿಸದ 447 ರೋಗಿಗಳೊಂದಿಗೆ ಹೋಲಿಸಿ, ಹನ್ನೆರಡು ತಿಂಗಳಾದರೂ ಔಷಧದಿಂದ ಯಾವ ಪ್ರಯೋಜನವೂ ಕಾಣಲಿಲ್ಲ ಎಂಬ ತೀರ್ಮಾನಕ್ಕೆ ಬಂದಿತು. ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸುವ ಯಾದೃಚ್ಛಿಕ ಪ್ರಯೋಗಗಳೂ ಇದನ್ನೇ ಹೇಳಿದವು.

ರೋಗಿಗಳು ತಾವೇ ದಾಖಲಿಸಿದ ಮಾಹಿತಿ ಮಾಡಿದ ಬಹುದೊಡ್ಡ ಉಪಕಾರವೆಂದರೆ ಹೊಸ ಔಷಧವೊಂದರ ಶೋಧವಲ್ಲ, ಒಂದು ಹುಸಿ ಭರವಸೆಯ ನಿವಾರಣೆ. ಇದನ್ನು ‘ಜನರ ಅನಿಸಿಕೆ’ ಎಂದು ತಳ್ಳಿಹಾಕುವವರು ಅದು ಸಾಧ್ಯವಾದ ಬಗೆಯನ್ನು ಗಮನಿಸುವುದಿಲ್ಲ. ಅಲ್ಲಿ ರೋಗಿಗಳು ಕಷ್ಟಸುಖವನ್ನಷ್ಟೇ ಹೇಳಿಕೊಳ್ಳಲಿಲ್ಲ; ವೈದ್ಯರು ಬಳಸುವ ಅಳತೆಗೋಲನ್ನೇ, ಎಂದರೆ ಬರವಣಿಗೆ, ನಡಿಗೆ, ಉಸಿರಾಟ ಮುಂತಾದ ಹನ್ನೆರಡು ಚಟುವಟಿಕೆಗಳಿಗೆ ಒಟ್ಟು 48 ಅಂಕಗಳನ್ನು ನೀಡುವ ಕ್ರಮವನ್ನೇ ಬಳಸಿ, ತಮ್ಮ ಸ್ಥಿತಿಯನ್ನು ಕಾಲಕಾಲಕ್ಕೆ ಗುರುತಿಸಿದ್ದರು. ಔಷಧ ಆರಂಭಿಸುವ ಮೊದಲಿನ ಅಂಕಗಳೂ ಲಭ್ಯವಿದ್ದುದರಿಂದಲೇ, ಕುಸಿತದ ವೇಗ ಸಮಾನವಾಗಿದ್ದವರನ್ನು ಆರಿಸಿ ಹೋಲಿಸುವುದು ಸಾಧ್ಯವಾಯಿತು. ಔಷಧ ಸೇವಿಸುವವರನ್ನು ಯಾರೂ ಚೀಟಿ ಎತ್ತಿ ಆರಿಸಿರಲಿಲ್ಲ, ತಾವು ಏನು ಸೇವಿಸುತ್ತಿದ್ದೇವೆಂಬುದು ಅವರಿಗೆ ಗೊತ್ತಿತ್ತು, ಸ್ಥಿತಿ ಬಿಗಡಾಯಿಸಿದವರು ದಾಖಲಿಸುವುದನ್ನೇ ನಿಲ್ಲಿಸುವ ಸಂಭವವೂ ಇತ್ತು ಎಂಬ ಆಕ್ಷೇಪಗಳು ನ್ಯಾಯವಾದವು. ಇಂಥ ಅಧ್ಯಯನ ಯಾದೃಚ್ಛಿಕ ಪ್ರಯೋಗಕ್ಕೆ ಬದಲಿಯಲ್ಲ ಎಂದು ಲೇಖಕರೇ ಬರೆದಿದ್ದಾರೆ. ಆದರೂ 16 ಮಂದಿಯನ್ನು ನೆಚ್ಚಿ ಹುಟ್ಟಿದ ನಂಬಿಕೆಯನ್ನು 149 ಮಂದಿಯ ದಾಖಲೆ ಅಳಿಸಿತು ಎಂಬುದು ಉಳಿಯುವ ಸತ್ಯ.

ಇದೇ ಸಂಸ್ಥೆಯ ಮುಂದಿನ ಚರಿತ್ರೆಯಿಂದ ಭಾರತ ಕಲಿಯಬೇಕಾದ ಇನ್ನೊಂದು ಪಾಠವಿದೆ. 2017ರಲ್ಲಿ ಚೀನಾದ ‘ಐಕಾರ್ಬನ್‌ಎಕ್ಸ್’ ಕಂಪನಿ ಅದರಲ್ಲಿ ದೊಡ್ಡ ಮೊತ್ತ ಹೂಡಿತು. ರಾಷ್ಟ್ರೀಯ ಭದ್ರತೆಯ ಕಾರಣದಿಂದ ಆ ಹೂಡಿಕೆಯನ್ನು ಬಿಟ್ಟುಕೊಡುವಂತೆ ಅಮೆರಿಕ ಸರ್ಕಾರ ಒತ್ತಾಯಿಸಿದ ಮೇಲೆ, 2019ರಲ್ಲಿ ಸಂಸ್ಥೆಯು ಆರೋಗ್ಯ ವಿಮಾ ವ್ಯವಹಾರದ ದೈತ್ಯ ‘ಯುನೈಟೆಡ್‌ಹೆಲ್ತ್ ಗ್ರೂಪ್’ನ ಕೈಸೇರಿತು. ಸಹರೋಗಿಗಳಿಗೆ ನೆರವಾಗಲೆಂದು ಬರೆದಿಟ್ಟ ವಿವರಗಳು, ರೋಗಿಗಳ ಪಾತ್ರವೇ ಇಲ್ಲದ ನಿರ್ಧಾರಗಳಿಂದ, ಬರೆದವರು ಊಹಿಸಿಯೂ ಇರದ ಒಡೆತನಕ್ಕೆ ಹೋದವು. ಒಮ್ಮೆ ಸಹಿ ಹಾಕಿಸಿಕೊಂಡ ಸಮ್ಮತಿ ಪತ್ರ, ಎಷ್ಟೇ ಶುದ್ಧವಾಗಿ ಬರೆದಿದ್ದರೂ, ಒಡೆತನದ ಬದಲಾವಣೆಯನ್ನು ತಡೆಯಲಾರದು.

ಭಾರತದ ಕಾಯ್ದೆ ಈ ಎರಡು ಪಾಠಗಳನ್ನೂ ಕಲಿತಿಲ್ಲ. ವೈದ್ಯಕೀಯ ದಾಖಲೆಗಳನ್ನು ‘ಸೂಕ್ಷ್ಮ ಮಾಹಿತಿ’ಯೆಂದು, ಅಂದರೆ ಹೆಚ್ಚಿನ ಎಚ್ಚರಿಕೆ ಬೇಡುವ ವರ್ಗವೆಂದು, 2011ರ ನಿಯಮಗಳು ಪ್ರತ್ಯೇಕಿಸಿದ್ದವು; 2023ರ ಈ ಕಾಯ್ದೆಯಲ್ಲಿ ಅಂಥ ವರ್ಗವೇ ಇಲ್ಲದ್ದರಿಂದ, ಎಚ್‌ಐವಿ ಪರೀಕ್ಷೆಯ ಫಲಿತಾಂಶಕ್ಕೂ ಅಂಗಡಿಗೆ ಕೊಟ್ಟ ಮೊಬೈಲ್ ಸಂಖ್ಯೆಗೂ ಅದು ವ್ಯತ್ಯಾಸ ಕಾಣುವುದಿಲ್ಲ. 17ನೇ ಸೆಕ್ಷನ್, ನಿಗದಿತ ಮಾನದಂಡಗಳನ್ನು ಪಾಲಿಸುವ ಮತ್ತು ನಿರ್ದಿಷ್ಟ ವ್ಯಕ್ತಿಯ ಬಗ್ಗೆ ತೀರ್ಮಾನ ಕೈಗೊಳ್ಳದ ಸಂಶೋಧನೆಗೆ ವಿನಾಯಿತಿ ನೀಡುತ್ತದೆ. ಈ ವಿನಾಯಿತಿ ಬೇಕು, ಇಲ್ಲದಿದ್ದರೆ ಸಂಶೋಧನೆ ನಿಂತೇಹೋಗುತ್ತದೆ. ಆದರೆ ಮಾಹಿತಿ ಕೊಟ್ಟವರಿಗೆ ಫಲಿತಾಂಶವನ್ನು ತಿಳಿಸಬೇಕೆಂಬ ಷರತ್ತು ನಿಯಮಗಳ ಎರಡನೇ ಅನುಸೂಚಿಯಲ್ಲಿ ಹೇಳಿರುವ ಮಾನದಂಡಗಳಲ್ಲಿ ಇಲ್ಲ. ‘ಸಾರ್ವಜನಿಕ’ ಎಂದರೇನೆಂದು ಕಾಯ್ದೆ ವ್ಯಾಖ್ಯಾನಿಸಿಲ್ಲವಾಗಿ, ಅಪರೂಪದ ಕಾಯಿಲೆಯ ಮಕ್ಕಳ ತಂದೆತಾಯಿಯರು ನೂರಾರು ಜನರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಂಚಿಕೊಂಡ ವರದಿ ರಕ್ಷಣೆಯ ಒಳಗಿದೆಯೋ ಹೊರಗಿದೆಯೋ ಎಂಬುದೂ ಅನಿಶ್ಚಿತ.

ಇಲ್ಲಿ ರೋಗಿಗಳ ಮಾಹಿತಿಗೆ ಬರವೇನೂ ಇಲ್ಲ. ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದ ಮೊದಲ ಕೇಂದ್ರಗಳಲ್ಲಿ ಬೆಂಗಳೂರೂ ಒಂದು. ನಾಲ್ಕು ದಶಕಗಳಿಂದ ಅಲ್ಲಿ ರೋಗದ ಪತ್ತೆ ಮತ್ತು ಸಾವು ಕ್ರಮವಾಗಿ ದಾಖಲಾಗುತ್ತಿವೆ. ಆದರೆ ಈ ಬಗೆಯ ನೋಂದಣಿಯು ರೋಗಿಯ ಬಗ್ಗೆ ಇತರರು ಬರೆಯುವ ದಾಖಲೆಯಾಗಿದ್ದು, ಚಿಕಿತ್ಸೆಯ ನಂತರದ ನೋವು, ಆಯಾಸ, ನಡುವೆ ನಿಲ್ಲಿಸಿದ ಮಾತ್ರೆ, ಅದಕ್ಕೆ ಕಾರಣವಾದ ಖರ್ಚು ಇವುಗಳನ್ನು ಬಲ್ಲವರು ರೋಗಿಗಳು ಮಾತ್ರ. ಅವರು ಅದನ್ನು ಹೇಳಬೇಕಾದರೆ, ಹೇಳಿದ್ದು ನಾಳೆ ವಿಮೆ ನಿರಾಕರಣೆಗೋ ಉದ್ಯೋಗ ನಷ್ಟಕ್ಕೋ ಕಾರಣವಾಗದು ಎಂಬ ಭರವಸೆಯನ್ನು ಕಾನೂನೇ ಕೊಡಬೇಕು.

ಕಾಯ್ದೆಯ ಮುಖ್ಯ ಭಾಗಗಳು ಜಾರಿಯಾಗುವುದು 2027ರ ಮೇ ತಿಂಗಳಲ್ಲಿ. ಅದಕ್ಕೆ ಮುನ್ನ ಸಂಸತ್ತು 3ನೇ ಸೆಕ್ಷನ್‌ನ ಹೊರಗಿಡುವಿಕೆಯಿಂದ ಆರೋಗ್ಯ ಮಾಹಿತಿಯನ್ನು ಬಿಡಿಸಬೇಕು, ದತ್ತಾಂಶದ ಒಡೆತನ ಬದಲಾಗುವಾಗ ರೋಗಿಗಳ ಸಮ್ಮತಿಯನ್ನು ಮತ್ತೆ ಪಡೆಯುವುದನ್ನು ಕಡ್ಡಾಯಗೊಳಿಸಬೇಕು, ಮತ್ತು ಸಂಶೋಧನೆಯ ವಿನಾಯಿತಿ ಪಡೆದವರು ತಮ್ಮ ಫಲಿತಾಂಶವನ್ನು, ಅದು ನಿರಾಶಾದಾಯಕವಾಗಿದ್ದರೂ, ರೋಗಿಗಳಿಗೆ ಅವರ ಭಾಷೆಯಲ್ಲಿ ತಿಳಿಸಬೇಕೆಂದು ವಿಧಿಸಬೇಕು.