ಕೂಪನ್ನುಗಳ ಕಾಲದಲ್ಲಿ ಮನೆವಾರ್ತೆ

ಹಬ್ಬ ಹತ್ತಿರ ಬರುತ್ತಿದ್ದಂತೆ ಅಂಗಡಿಗಳ ಮುಂದೆ ಬಣ್ಣದ ಫಲಕಗಳೇಳುತ್ತವೆ. ಇಂತಿಷ್ಟು ರೂಪಾಯಿಯ ಜೀನಸು ಕೊಂಡರೆ ಒಂದು ಕೂಪನ್, ಒಂದಕ್ಕೆ ಒಂದು ಉಚಿತ, ಮುಂದಿನ ಸಲಕ್ಕೆ ರಿಯಾಯಿತಿ ಎಂಬ ಆಶ್ವಾಸನೆಗಳು ಚೀಟಿಯ ರೂಪದಲ್ಲೂ ಮೊಬೈಲಿನ ಮೂಲಕವೂ ಮನೆಗೆ ಬಂದು ಸೇರುತ್ತವೆ. ಇದು ಹೊಸ ತಂತ್ರವೇನಲ್ಲ. ಅಮೆರಿಕದಲ್ಲಿ ಕೋಕಾ-ಕೋಲಾ ಕಂಪೆನಿಯು 1887ರಲ್ಲೇ ಉಚಿತ ಪಾನೀಯದ ಚೀಟಿ ಹಂಚಿ ಗಿರಾಕಿಗಳನ್ನು ಸೆಳೆದಿತ್ತು. ವ್ಯಾಪಾರಿ ಕೂಪನ್ ಕೊಡುವುದು ತನ್ನ ವ್ಯಾಪಾರ ಬೆಳೆಯಲೆಂದೇ ಹೊರತು ನಮ್ಮ ಖರ್ಚು ತಗ್ಗಲೆಂದಲ್ಲ ಎಂಬುದನ್ನು ಮೊದಲು ಮನಗಾಣಬೇಕಾಗಿದೆ.

ಒಂದು ಸರಳ ಲೆಕ್ಕ ನೋಡೋಣ. ಸಾವಿರ ರೂಪಾಯಿಯ ಖರೀದಿಗೆ 50 ರೂಪಾಯಿ ಕಡಿತವೆಂದು ಕೂಪನ್ ಹೇಳುತ್ತದೆ. ಮನೆಗೆ ನಿಜವಾಗಿ ಬೇಕಾಗಿರುವುದು 700 ರೂಪಾಯಿಯ ಸಾಮಾನು. ಕೂಪನ್ನಿನ ಆಸೆಗೆ ಸಾವಿರ ತುಂಬಿಸಿದವರು 950 ರೂಪಾಯಿ ತೆತ್ತು ಹಿಂತಿರುಗುತ್ತಾರೆ. ಉಳಿದದ್ದು ಐವತ್ತು ಎಂದು ಕಂಡರೂ ಕೈಬಿಟ್ಟದ್ದು ಇನ್ನೂರೈವತ್ತು. ಆದುದರಿಂದ ಮೊದಲು ಬೇಕಾದ ಸಾಮಾನಿನ ಪಟ್ಟಿ, ಬಳಿಕ ಕೂಪನ್ ಎಂಬ ಕ್ರಮ ತಪ್ಪಬಾರದು. ಪಟ್ಟಿಯಲ್ಲಿಲ್ಲದ ವಸ್ತುವಿನ ಕೂಪನ್ನನ್ನು ಎತ್ತಿಡುವುದೇ ಬೇಡ. ಉಳಿದವನ್ನು ವಾಯಿದೆ ಮುಗಿಯುವ ತಾರೀಕಿನ ಅನುಕ್ರಮದಲ್ಲಿ ಒಂದು ಹಳೆಯ ಲಕೋಟೆಯಲ್ಲಿಟ್ಟು, ಮೊದಲು ಮುಗಿಯುವುದನ್ನು ಮೇಲಿಟ್ಟರೆ ಸಾಕು. ಇದಕ್ಕಿಂತ ದೊಡ್ಡ ವ್ಯವಸ್ಥೆ ಸಾಮಾನ್ಯ ಸಂಸಾರಕ್ಕೆ ಅಗತ್ಯವಿಲ್ಲ. ಪೊಟ್ಟಣದ ಮೇಲೆ ಗರಿಷ್ಠ ಮಾರಾಟ ಬೆಲೆಯ ಜೊತೆಗೆ ಗ್ರಾಂ ಅಥವಾ ಕಿಲೋ ಲೆಕ್ಕದ ಬೆಲೆಯನ್ನೂ ಮುದ್ರಿಸಬೇಕೆಂಬ ನಿಯಮ ಈಗ ಇದೆ. ದೊಡ್ಡ ಪೊಟ್ಟಣ ನಿಜಕ್ಕೂ ಅಗ್ಗವೇ ಎಂಬುದನ್ನು ಆ ಸಣ್ಣಕ್ಷರದ ಸಾಲು ಹೇಳುತ್ತದೆ.

ಆದರೆ ನಮ್ಮ ಮನೆಗಳಲ್ಲಿರುವ ಅತ್ಯಂತ ಬೆಲೆಬಾಳುವ ಕೂಪನ್ ಅಂಗಡಿಯವರು ಕೊಟ್ಟದ್ದಲ್ಲ. ಅದು ರೇಶನ್ ಕಾರ್ಡು. 1974ರಲ್ಲಿ ಸ್ಥಾಪನೆಯಾದ ಸಪ್ಲೈಕೋ ಸಂಸ್ಥೆಯ ಮಾವೇಲಿ ಸ್ಟೋರುಗಳಲ್ಲಿ ಅಕ್ಕಿ, ಸಕ್ಕರೆ, ಹೆಸರು, ಉದ್ದು, ಕಡಲೆ, ತೊಗರಿಬೇಳೆ, ಮೆಣಸು, ಕೊತ್ತಂಬರಿ, ತೆಂಗಿನೆಣ್ಣೆ ಮೊದಲಾದ 13 ಬಗೆಯ ಸಾಮಾನುಗಳು ಸಬ್ಸಿಡಿ ದರದಲ್ಲಿ ದೊರೆಯುವುದು ಈ ಕಾರ್ಡಿನ ಆಧಾರದ ಮೇಲೆ. ತಿಂಗಳಿಗೆ ಇಷ್ಟೇ ಎಂಬ ಮಿತಿಯೂ ಇದೆ. ಅಂದರೆ ಇದೂ ತಿಂಗಳ ಕೊನೆಗೆ ವಾಯಿದೆ ಮುಗಿಯುವ ಕೂಪನ್ನೇ. 2024ರ ಫೆಬ್ರವರಿಯಲ್ಲಿ ರಾಜ್ಯ ಸರಕಾರವು ಈ ಸಬ್ಸಿಡಿಯನ್ನು ಮಾರುಕಟ್ಟೆ ದರದ ಶೇಕಡಾ 35ಕ್ಕೆ ಇಳಿಸಿದಾಗ, ಅದುವರೆಗೆ 65 ರೂಪಾಯಿಗೆ ಸಿಗುತ್ತಿದ್ದ ಕಿಲೋ ತೊಗರಿಬೇಳೆ 111 ರೂಪಾಯಿಗೇರಿತು. ಬಡ ಸಂಸಾರಕ್ಕೆ ಬಿದ್ದ ಹೊಡೆತ ಸಾಮಾನ್ಯದ್ದಲ್ಲ. ಹಾಗಿದ್ದರೂ ಮೂರರಲ್ಲೊಂದು ಪಾಲಿಗಿಂತ ತುಸು ಹೆಚ್ಚೇ ಉಳಿಸುವ ಕೂಪನ್ನನ್ನು ಯಾವ ಖಾಸಗಿ ಅಂಗಡಿ ತಿಂಗಳು ತಿಂಗಳು ಕೊಡುತ್ತದೆ?

ಇಲ್ಲಿಯೇ ನಮ್ಮ ಜಿಲ್ಲೆಯ ಕನ್ನಡಿಗರ ತೊಡಕು ಎದುರಾಗುತ್ತದೆ. ಕೂಪನ್ನಿನ ಲಾಭವೆಲ್ಲ ಅದರ ಶರ್ತಗಳಲ್ಲಿದೆ. ಯಾವ ತಾರೀಕಿನ ತನಕ, ಯಾವ ವಸ್ತುವಿಗೆ, ಯಾವ ಬಣ್ಣದ ಕಾರ್ಡಿನವರಿಗೆ ಎಂಬುದನ್ನು ಓದಲಾರದವರ ಕೈಯಲ್ಲಿ ಅದು ಬರಿಯ ಕಾಗದ. ಮಲೆಯಾಳದಲ್ಲಿ ಬರೆದು ತೂಗುಹಾಕಿದ ಸೂಚನೆಯನ್ನು ಓದಲಾರದ ಹಿರಿಯ ಗೃಹಿಣಿಯರು ಮಂಜೇಶ್ವರ, ಬದಿಯಡ್ಕ, ಮುಳ್ಳೇರಿಯ ಕಡೆಗಳಲ್ಲಿ ಇಂದಿಗೂ ಇದ್ದಾರೆ. ಭಾಷೆಯ ಪ್ರಶ್ನೆಯೆಂದರೆ ಶಾಲೆ ಮತ್ತು ಸಭೆಗಳ ಪ್ರಶ್ನೆ ಮಾತ್ರವೆಂದು ತಿಳಿದವರು, ಅದು ಅಕ್ಕಿಬೇಳೆಯ ಪ್ರಶ್ನೆಯೂ ಹೌದೆಂಬುದನ್ನು ಗಮನಿಸಬೇಕು.

ಈ ಪಾಡು ನಮ್ಮದೊಂದೇ ಅಲ್ಲ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂತೆಯೇ ಗುಲ್ಬರ್ಗ ಜಿಲ್ಲೆಯ ತಾಂಡೂರು ಮತ್ತು ಕೊಡಂಗಲ್, ಬೀದರ ಜಿಲ್ಲೆಯ ನಾರಾಯಣಖೇಡ ಮತ್ತು ಜಹೀರಾಬಾದ್ ಪ್ರದೇಶಗಳು ಆಂಧ್ರಕ್ಕೆ ಹೋದವು. ಇಂದು ಅವು ತೆಲಂಗಾಣದಲ್ಲಿವೆ. ಕೊಡಂಗಲ್ ಬಳಿಯ ದೌಲತಾಬಾದಿನ ಕನ್ನಡ ಸಂಸಾರಕ್ಕೂ ಪಡಿತರದ ಕಾಗದಪತ್ರ ಮನೆಮಾತಿನದಲ್ಲ. 2025ರ ಯುಗಾದಿಯಿಂದ ಆ ರಾಜ್ಯವು ರೇಶನ್ ಕಾರ್ಡುದಾರರಿಗೆ ತಲೆಗೆ 6 ಕಿಲೋದಂತೆ ಸಣ್ಣಕ್ಕಿ ಉಚಿತವಾಗಿ ಕೊಡತೊಡಗಿದೆ. ಸವಲತ್ತು ಎಲ್ಲರಿಗೂ ಒಂದೇ. ಆದರೆ ಅದರ ವಿವರ ಎಲ್ಲರಿಗೂ ಒಂದೇ ವೇಳೆಗೆ ತಲುಪೀತೇ?

ನಮಗಾದರೋ ಕಾನೂನಿನ ಬೆಂಬಲವೊಂದಿದೆ. ಕೇರಳದ 1969ರ ಆಡಳಿತ ಭಾಷಾ ಕಾಯಿದೆಯು ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಸರಕಾರದೊಡನೆಯೂ ತಮ್ಮ ಪ್ರದೇಶದ ಕಚೇರಿಗಳೊಡನೆಯೂ ತಮ್ಮ ಭಾಷೆಯಲ್ಲೇ ಪತ್ರವ್ಯವಹಾರ ನಡೆಸುವ ಹಕ್ಕು ಕೊಟ್ಟಿದೆ. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ಕಾರ್ಡಿನ ತಿದ್ದುಪಡಿಗೆ, ಸಾಮಾನು ಸಿಗದ ದೂರಿಗೆ ತಾಲೂಕು ಸಪ್ಲೈ ಆಫೀಸಿಗೆ ಕನ್ನಡದಲ್ಲೇ ಅರ್ಜಿ ಬರೆಯಲು ಹಿಂಜರಿಯಬೇಕಾಗಿಲ್ಲ. ಬಳಸದ ಹಕ್ಕಿಗೂ ವಾಯಿದೆ ಮುಗಿದ ಕೂಪನ್ನಿಗೂ ವ್ಯತ್ಯಾಸವಿಲ್ಲ.

ಖಾಸಗಿ ವ್ಯಾಪಾರಿಗೆ ಈ ಕಾಯಿದೆ ಅನ್ವಯಿಸದು. ಅಲ್ಲಿ ನೆರವಿಗೆ ಬರುವುದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆ. ಕೊಡುವುದಾಗಿ ಸಾರಿದ ಉಡುಗೊರೆಯನ್ನು ಕೊಡದಿರುವುದು, ಉಚಿತವೆಂದು ಹೇಳಿ ಅದರ ಬೆಲೆಯನ್ನು ಬಿಲ್ಲಿನಲ್ಲೇ ಸೇರಿಸುವುದು ಅನ್ಯಾಯದ ವ್ಯಾಪಾರ ಕ್ರಮವೆನಿಸುತ್ತದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆದು ದೂರು ಕೊಡಬಹುದು. ಮೊಬೈಲಿಗೆ ಬರುವ ಬಹುಮಾನದ ಕೊಂಡಿಯನ್ನು ಒತ್ತಿ ಹಣ ಕಳಕೊಂಡವರು ತಡಮಾಡದೆ 1930ಕ್ಕೆ ತಿಳಿಸಬೇಕು. ಎರಡರಲ್ಲೂ ಆಧಾರವಾಗುವುದು ದಾಖಲೆಯೇ. ಆದುದರಿಂದ ಕೂಪನ್ ಇಡುವ ಲಕೋಟೆಯಲ್ಲೇ ಬಿಲ್ಲಿಗೂ ಸ್ಥಳವಿರಲಿ.

ನಮ್ಮ ವಾಚನಾಲಯಗಳು, ಮಹಿಳಾ ಸಮಾಜಗಳು, ಕುಟುಂಬಶ್ರೀ ಘಟಕಗಳು ತಿಂಗಳ ಮೊದಲ ವಾರ ಒಂದು ಹಾಳೆಯಲ್ಲಿ ಆ ತಿಂಗಳ ಪಡಿತರ ಪ್ರಮಾಣವನ್ನೂ ಮಾವೇಲಿ ಸ್ಟೋರಿನ ದರವನ್ನೂ ಕನ್ನಡದಲ್ಲಿ ಬರೆದು ಅಂಟಿಸಿದರೆ ಅದೊಂದು ದೊಡ್ಡ ಉಪಕಾರವಾದೀತು. ಅದಕ್ಕೆ ಬೇಕಾಗುವುದು ಎರಡೂ ಲಿಪಿ ಬಲ್ಲ ಒಬ್ಬ ಯುವಕನೋ ಯುವತಿಯೋ, ಅರ್ಧ ಗಂಟೆಯ ಸಮಯ. ಸರಕಾರವೇ ಈ ಕೆಲಸ ಮಾಡಬೇಕೆಂಬ ಬೇಡಿಕೆಯನ್ನು ನಾವು ಬಿಡತಕ್ಕದ್ದಲ್ಲ. ಆದರೆ ಅದು ಈಡೇರುವ ತನಕ ನಮ್ಮ ಮನೆಗಳು ನಷ್ಟದಲ್ಲಿ ನಡೆಯಬೇಕಾಗಿಲ್ಲ.