ಸೆನ್ಸರ್ ಆಮೇಲೆ, ಮೊದಲು ಒಂದು ಹಿಡಿ ಮೆಂತ್ಯ

ಶಿವರಾತ್ರಿ ಬಂದರೆ ಚಳಿ ‘ಶಿವ ಶಿವ’ ಅಂತ ಓಡಿಹೋಗುತ್ತೆ ಅನ್ನೋದು ನಮ್ಮ ಕಡೆಯ ಮಾತು. ಚಳಿ ಹೋಗೋ ಹೊತ್ತಿಗೆ ಕಾಲೇಜುಗಳಲ್ಲಿ ಪ್ರಾಜೆಕ್ಟ್ ಎಕ್ಸಿಬಿಷನ್‌ಗಳು ಶುರು. ಎಲ್ಲೇ ಹೋಗಿ, ಒಂದು ಟೇಬಲ್ ಮೇಲೆ ‘ಸ್ಮಾರ್ಟ್ ಇರಿಗೇಷನ್’ ಇದ್ದೇ ಇರುತ್ತೆ: ಒಂದು ಕುಂಡ, ಒಂದು ಆರ್ಡುಯಿನೊ, ಮಣ್ಣಿಗೆ ಚುಚ್ಚಿದ ತೇವಾಂಶದ ಸೆನ್ಸರ್, ಪುಟ್ಟ ಪಂಪು. ಮಣ್ಣು ಒಣಗಿದರೆ ಪಂಪ್ ಆನ್, ನೆನೆದರೆ ಆಫ್. ಎಕ್ಸಿಬಿಷನ್ ಮುಗಿದ ಮೇಲೆ ಬೋರ್ಡು ಲ್ಯಾಬಿಗೆ ವಾಪಸ್. ಗಿಡ ಏನಾಯ್ತು ಅಂತ ಯಾರೂ ಕೇಳಲ್ಲ, ಅದಕ್ಕೆ ಮಾರ್ಕ್ಸ್ ಇಲ್ಲವಲ್ಲ!

ನಮಗೆ ಸೆನ್ಸರ್ ಮೇಲೆ ಕೋಪ ಇಲ್ಲ. ನಾವು ಹೇಳೋದು ಇಷ್ಟೇ: ಕೈತೋಟಕ್ಕೆ ಸರ್ಕ್ಯೂಟ್ ಜೋಡಿಸೋ ಮೊದಲು ಒಂದು ಸಲ ಬರಿಗೈಯಲ್ಲಿ ತೋಟ ಮಾಡಿ ನೋಡೋಣ. ನಿಧಾನವಾಗಿ, ಖರ್ಚಿಲ್ಲದೆ. ಶಿವರಾತ್ರಿಯಿಂದ ಯುಗಾದಿವರೆಗಿನ ದಿನಗಳು ಅದಕ್ಕೆ ಒಳ್ಳೆಯ ಸಮಯ. ಚಳಿ ಬಿಟ್ಟಿರೋದರಿಂದ ಬೀಜ ಬೇಗ ಮೊಳೆಯುತ್ತೆ, ಬಿಸಿಲು ಇನ್ನೂ ಸುಡೋ ಮಟ್ಟಕ್ಕೆ ಬಂದಿರಲ್ಲ.

ಆನ್‌ಲೈನ್‌ನಲ್ಲಿ ಗಾರ್ಡನಿಂಗ್ ಕಿಟ್ ಆರ್ಡರ್ ಮಾಡೋದೇನೂ ಬೇಕಿಲ್ಲ. ಮೆಂತ್ಯ, ಕೊತ್ತಂಬರಿ ಬೀಜ ಮೆಸ್ಸಿನ ಅಡುಗೆಮನೆಯಲ್ಲೇ ಇದೆ. ಕೊತ್ತಂಬರಿ ಬೀಜವನ್ನು ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ, ಒಂದು ರಾತ್ರಿ ನೆನೆಸಿ ಹಾಕಿದರೆ ಆಯ್ತು. ಎಲೆ ಬಿಡಿಸಿಕೊಂಡು ಎಸೆಯೋ ಪುದೀನ ಕಡ್ಡಿ, ಬಲಿತ ಬಸಳೆ ದಂಟು, ಎರಡೂ ಚುಚ್ಚಿದರೆ ಬೇರು ಬಿಡುತ್ತವೆ. ತೊಳೆದು ತಳಕ್ಕೆ ತೂತು ಮಾಡಿದ ಹಳೇ ಬಕೆಟ್ಟೇ ಕುಂಡ. ಈಗ ಹೊಂಗೆ ಮರಗಳು ಎಲೆ ಉದುರಿಸೋ ಕಾಲ. ಎಷ್ಟೋ ಕಡೆ ಅದನ್ನು ಗುಡಿಸಿ, ಗುಡ್ಡೆ ಹಾಕಿ ಸುಡ್ತಾರೆ. ಅದೇ ಎಲೆಯನ್ನು ಕುಂಡದ ಮಣ್ಣಿನ ಮೇಲೆ ಹೊದಿಸಿದರೆ ತೇವ ಬೇಗ ಆರಲ್ಲ.

ಹಾಗಾದರೆ ನೀರು? ಇದು ನಿಜವಾದ ಪ್ರಶ್ನೆ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ, ಕುಡಿಯೋ ನೀರನ್ನು ಗಿಡಕ್ಕೆ ಹಾಕಿದರೆ, ಗಾಡಿ ತೊಳೆದರೆ 5,000 ರೂಪಾಯಿ ದಂಡ ಅಂತ ಆದೇಶ ಮಾಡಿತ್ತು. ಬೇಸಿಗೆಯಲ್ಲಿ ನಲ್ಲಿ ತಿರುಗಿಸಿ ತೋಟ ಮಾಡೋದು ಸರಿಯಲ್ಲ ಅಂತಲೇ ನಾವೂ ಹೇಳ್ತೀವಿ. ಆದರೆ ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ದಿನಾ ಚರಂಡಿಗೆ ಹೋಗ್ತಿದೆಯಲ್ಲ? ಅದರಲ್ಲಿ ಸೋಪಿಲ್ಲ, ಉಪ್ಪಿಲ್ಲ. ನಾಲ್ಕೈದು ಬಕೆಟ್ ಗಿಡಕ್ಕೆ ಅದು ಸಾಕು. ಆರ್‌ಓ ಮೆಷಿನ್ ಹೊರಗೆ ಬಿಡೋ ನೀರು ಮಾತ್ರ ಬೇಡ. ಅದರಲ್ಲಿ ಲವಣ ಜಾಸ್ತಿ, ದಿನಾ ಹಾಕಿದರೆ ಕುಂಡದಲ್ಲಿ ಸೇರ್ತಾ ಹೋಗುತ್ತೆ. ಅದು ನೆಲ ಒರೆಸೋಕೆ ಇರಲಿ.

ಇನ್ನು ‘ಹದ’. ಒಂದು ಹಿಡಿ ಮಣ್ಣು ತಗೊಂಡು ಹಿಸುಕಿ. ಉಂಡೆ ಕಟ್ಟಬೇಕು, ಬೆರಳಲ್ಲಿ ಒತ್ತಿದರೆ ಉದುರಬೇಕು. ಅದೇ ಹದ. ಉಂಡೆ ಕಟ್ಟಲಿಲ್ಲ ಅಂದರೆ ನೀರು ಕಮ್ಮಿ, ಕೈಗೆ ಮೆತ್ತಿದರೆ ಜಾಸ್ತಿ. ಅಗ್ಗದ ಎರಡು ಕಡ್ಡಿಯ ಸೆನ್ಸರ್ ಮಣ್ಣಿನೊಳಗೆ ಕರೆಂಟ್ ಹರಿಸಿ ಅಳೆಯುತ್ತೆ. ಎಲೆಕ್ಟ್ರಾಲಿಸಿಸ್ ಆಗಿ ಅದರ ಲೋಹ ಸವೆಯುತ್ತಾ ಹೋದಂತೆ ರೀಡಿಂಗ್ ಕೂಡ ತಪ್ಪುತ್ತೆ. ಆ ರೀಡಿಂಗ್ ಸುಳ್ಳು ಹೇಳ್ತಿದೆ ಅಂತ ಹಿಡಿಯೋಕೆ ಹದ ಗೊತ್ತಿರೋ ಕೈ ಬೇಕು. ಹದ ಗೊತ್ತಿಲ್ಲದವರು ರೈತರಿಗೆ ಸ್ಮಾರ್ಟ್ ಸಿಸ್ಟಮ್ ಮಾಡಿಕೊಟ್ಟರೆ, ಆ ಸುಳ್ಳು ರೀಡಿಂಗಿಗೆ ಬೆಲೆ ಕೊಡೋರು ರೈತರೇ.

‘ಇಂಟರ್ನಲ್ಸ್ ಮಧ್ಯೆ ಇದಕ್ಕೆಲ್ಲ ಟೈಮ್ ಎಲ್ಲಿದೆ? ಹತ್ತಿಪ್ಪತ್ತು ರೂಪಾಯಿಗೆ ಕಟ್ಟು ಸೊಪ್ಪು ಸಿಗುತ್ತೆ’ ಅಂತ ಕೇಳೋರಿದ್ದಾರೆ. ನಿಜ, ಉಳಿಯೋ ದುಡ್ಡು ಲೆಕ್ಕಕ್ಕಿಲ್ಲ. ಬೆಳಿಗ್ಗೆ ಐದು ನಿಮಿಷ ಕೊಟ್ಟರೆ ಸಾಕು, ಆದರೆ ಆ ಐದು ನಿಮಿಷ ದಿನಾ ಕೊಡಬೇಕು. ಕಷ್ಟ ಇರೋದು ಅಲ್ಲೇ. ಮೆಂತ್ಯ ಮೂರ್ನಾಲ್ಕು ದಿನಕ್ಕೆ ತಲೆ ಎತ್ತುತ್ತೆ, ಸುಮಾರು 25 ದಿನಕ್ಕೆ ಕೊಯ್ಲಿಗೆ ಬರುತ್ತೆ. ಕೊತ್ತಂಬರಿ ಹತ್ತು ದಿನ ಸದ್ದೇ ಮಾಡಲ್ಲ. ಬೆಂಡೆಕಾಯಿಗೆ ಒಂದೂವರೆ ತಿಂಗಳು. ಹಿಂದಿನ ರಾತ್ರಿ ಕೂತು ಓದಿ ಪಾಸಾಗೋ ವಿದ್ಯೆ ಇಲ್ಲಿ ನಡೆಯಲ್ಲ.

ಬೀಜ ಕೊಳ್ಳೋದೇ ಆದರೆ ಹೈಬ್ರಿಡ್ ಬೇಡ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಅನಾಮಿಕ’ದಂಥ ಬೆಂಡೆ ತಳಿ ಹಾಕಿ, ಒಂದೆರಡು ಕಾಯಿಯನ್ನು ಗಿಡದಲ್ಲೇ ಒಣಗೋಕೆ ಬಿಡಿ. ಮುಂದಿನ ವರ್ಷದ ಬೀಜ ಕೈಯಲ್ಲೇ ಇರುತ್ತೆ. ಹೈಬ್ರಿಡ್‌ನಿಂದ ಬೀಜ ಹಿಡಿದರೆ ಮರಿಗಿಡ ತಾಯಿಯಂತೇ ಬರುತ್ತೆ ಅನ್ನೋ ಖಾತ್ರಿ ಇಲ್ಲ.

ನಮ್ಮ ಬೇಡಿಕೆ ಸಣ್ಣದು. ಹಾಸ್ಟೆಲ್ ಟೆರೇಸಿನ ಒಂದು ಮೂಲೆ, ಐದು ಬಕೆಟ್, ಮೆಸ್ಸಿನ ಅಣ್ಣಂದಿರಿಗೆ ಹೇಳಿ ಎತ್ತಿಡಿಸಿದ ತೊಳೆದ ನೀರು, ನೀರು ಹಾಕೋ ಸರದಿಯ ಒಂದು ಪಟ್ಟಿ. ಪರೀಕ್ಷೆ, ರಜೆಯ ದಿನಗಳ ಹೆಸರುಗಳನ್ನು ಈಗಲೇ ಬರೆದುಬಿಡೋಣ, ಗಿಡ ಸಾಯೋದು ಆವಾಗಲೇ. ಒಂದು ಬೆಳೆ ಕೈಗೆ ಬಂದ ಮೇಲೆ ಸೆನ್ಸರ್ ಖಂಡಿತ ಹಾಕೋಣ. ಆಗ ಅದು ಏನನ್ನು ಅಳೆಯಬೇಕು ಅಂತ ನಮಗೆ ಗೊತ್ತಿರುತ್ತೆ.